ಸ್ಟ್ಯಾಂಡ್ ಪುರಾಣ: ಹಳೆ ಬೈಕಿನ ಸ್ಟ್ಯಾಂಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಬೈಕು ಸರಿ ಮಾಡಿಸುವವರು ಎಂಜಿನ್ನಿಗೆ ಆರು ತಿಂಗಳು ಕೊಡುತ್ತಾರೆ. ಪೇಂಟಿಗೆ ಎರಡು ತಿಂಗಳು. ಟ್ಯಾಂಕಿನ ಮೇಲಿನ ಗೆರೆ ನೇರವಾಗಿದೆಯಾ ಅಂತ ನೋಡೋಕೆ ಮೂರು ಭಾನುವಾರ. ಸ್ಟ್ಯಾಂಡಿಗೆ ಸಿಗುವುದು ಕೊನೆಯ ದಿನದ ಅರ್ಧ ಗಂಟೆ. ಆಮೇಲೆ ಒಂದು ದಿನ ಗಾಡಿ ಮಗುಚಿಕೊಂಡು, ಆ ಗೆರೆಯ ಮೇಲೇ ಗುಳಿ ಬಿದ್ದಾಗ ನನಗೆ ಫೋನ್ ಬರುತ್ತದೆ.

ನನ್ನ ಹತ್ತಿರ ಇರುವುದು ಒಂದು ಜಾವಾ, ಒಂದು ಯೆಜ್ಡಿ ರೋಡ್‌ಕಿಂಗ್. ಎರಡೂ ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದವು. 1961ರಲ್ಲಿ ಬೈಕು ಹೊರಬಿಡಲು ಶುರು ಮಾಡಿದ ಆ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಅವುಗಳದ್ದೇ. ಬುಲೆಟ್ಟಿನವರಿಗೂ, ಯುದ್ಧಕಾಲದ ಬ್ರಿಟಿಷ್ ಗಾಡಿ ಇಟ್ಟುಕೊಂಡವರಿಗೂ ಮುಕ್ಕಾಲು ಪಾಲು ಅನ್ವಯಿಸುತ್ತದೆ. ಭೇಟಿಯಾದಾಗ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ಪಾಠ

ಡಬಲ್ ಸ್ಟ್ಯಾಂಡ್, ಸೈಡ್ ಸ್ಟ್ಯಾಂಡ್ ಎರಡೂ ಬೇಕಾ? ಒಂದಿದ್ರೆ ಸಾಲಲ್ವಾ?

ಒಂದೇ ಇಟ್ಟುಕೊಳ್ಳಬೇಕು ಅಂದರೆ ಡಬಲ್ ಸ್ಟ್ಯಾಂಡ್ ಇಟ್ಟುಕೊಳ್ಳಿ. ಚೈನ್ ಬಿಗಿ ಮಾಡಲು, ಚಕ್ರ ಬಿಚ್ಚಲು, ಆಯಿಲ್ ಮಟ್ಟ ನೋಡಲು ಅದೇ ಬೇಕು. ಹಳೆ ಬೈಕಿಗೆ ಈ ಮೂರೂ ಕೆಲಸ ವಾರಕ್ಕೊಮ್ಮೆ ಬಂದೇ ಬರುತ್ತವೆ. ಸೈಡ್ ಸ್ಟ್ಯಾಂಡ್ ಇರುವುದು ಟೀ ಕುಡಿಯಲು ಇಳಿಯುವ ಐದು ನಿಮಿಷಕ್ಕೆ. ಅದರ ಮೇಲೆ ರಾತ್ರಿಯಿಡೀ ನಿಲ್ಲಿಸುವುದು, ಮಕ್ಕಳನ್ನು ಹತ್ತಿಸಿ ಫೋಟೋ ತೆಗೆಯುವುದು ಬೇಡ. ಇಡೀ ಗಾಡಿಯ ಭಾರ ಸ್ಟ್ಯಾಂಡ್ ತಿರುಗುವ ಒಂದು ಪಿನ್ನು, ಅದನ್ನು ಹಿಡಿದಿರುವ ಒಂದು ಬ್ರಾಕೆಟ್ಟಿನ ಮೇಲೆ ನಿಂತಿರುತ್ತದೆ. ಎರಡಕ್ಕೂ ನಿಮ್ಮ ಅಪ್ಪನ ವಯಸ್ಸಾಗಿರುತ್ತದೆ.

ಅಜ್ಜನ ಬೈಕಲ್ಲಿ ಹಿಂದಿನ ಚಕ್ರದ ಹತ್ರ ಒಂದು ಸ್ಟ್ಯಾಂಡ್, ಮುಂದಿನ ಚಕ್ರದ ಹತ್ರ ಇನ್ನೊಂದು ಇದೆ. ಇದೇನು ಸರ್ಕಸ್ಸು?

ಸರ್ಕಸ್ಸಲ್ಲ, ಹಳೆ ಬ್ರಿಟಿಷ್ ಪದ್ಧತಿ. ಎರಡನೇ ಮಹಾಯುದ್ಧದ ಕಾಲಕ್ಕೆ ಸೈನ್ಯದ ಜೊತೆ ಬಂದ ಬಿಎಸ್‌ಎ ಎಂ20, ನಾರ್ಟನ್ 16ಎಚ್ ಥರದ ಗಾಡಿಗಳಲ್ಲಿ ಹಿಂದಿನ ಸ್ಟ್ಯಾಂಡ್ ಚಾಸಿಸ್ಸಿನ ಬಾಲಕ್ಕೆ, ಚಕ್ರದ ಅಚ್ಚಿನ ಹತ್ತಿರ ಕೂತಿರುತ್ತದೆ. ಬಿಟ್ಟಾಗ ಕೆಳಗೆ ಬರುತ್ತದೆ. ಕಾಲಲ್ಲಿ ಒತ್ತಿ ಹಿಡಿದು ಗಾಡಿಯನ್ನು ಹಿಂದಕ್ಕೆ ಎಳೆದರೆ ಚಕ್ರ ಮೇಲೇಳುತ್ತದೆ. ಮಡಚಿದಾಗ ಮಡ್‌ಗಾರ್ಡಿನ ಹಿಂದೆ ಒಂದು ಕ್ಲಿಪ್ಪಿಗೆ ಸಿಕ್ಕಿಕೊಳ್ಳುತ್ತದೆ. ಮುಂದಿನದು ಮುಂದಿನ ಚಕ್ರ ಪಂಕ್ಚರ್ ಆದಾಗ ಮಾತ್ರ ಬೇಕಾಗುವಂಥದ್ದು. ಎಷ್ಟೋ ಗಾಡಿಗಳಲ್ಲಿ ಮಡ್‌ಗಾರ್ಡಿನ ಕೆಳಗಿನ ಕಂಬಿಯೇ ಸ್ಟ್ಯಾಂಡ್ ಆಗಿರುತ್ತದೆ.

ಇವೆರಡರಲ್ಲಿ ಹೆದರಬೇಕಾದದ್ದು ಮುಂದಿನದಕ್ಕೆ. ಅದನ್ನು ಹಿಡಿದಿರುವ ನಟ್ಟು ಸಡಿಲವಾಗಿ ಓಡುವಾಗ ಕೆಳಗೆ ಬಿದ್ದರೆ ಗಾಡಿ ಮುಂದಕ್ಕೆ ಪಲ್ಟಿ ಹೊಡೆಯುತ್ತದೆ. ಹಿಂದಿನದು ಬಿದ್ದರೆ ರಸ್ತೆ ಮೇಲೆ ಕಿಡಿ ಹಾರಿಸುತ್ತಾ ಬರುತ್ತದೆ, ಮರ್ಯಾದೆ ಹೋಗುತ್ತದೆ, ಅಷ್ಟೇ. ಹೊರಡುವ ಮುಂಚೆ ಮುಂದಿನ ನಟ್ಟಿಗೆ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಹಿಂದಿನ ಕ್ಲಿಪ್ಪಿಗೆ ಬಿಗಿ ಇಲ್ಲ ಅನ್ನಿಸಿದರೆ ಒಂದು ತೊಗಲಿನ ಪಟ್ಟಿ ಕಟ್ಟಿಕೊಳ್ಳಿ. ನೋಡೋಕೂ ಚೆನ್ನಾಗಿರುತ್ತದೆ.

ಡಬಲ್ ಸ್ಟ್ಯಾಂಡ್ ಹಾಕೋಕೆ ಆಗ್ತಾನೇ ಇಲ್ಲ ಗುರು. ಜಿಮ್ಮಿಗೆ ಸೇರ್ಬೇಕಾ?

ಜಾವಾ 130 ಕೆಜಿ ಆಸುಪಾಸು, ಬುಲೆಟ್ 160ರ ಮೇಲೆ. ಇದನ್ನು ಕೈಯಲ್ಲಿ ಎತ್ತಲು ಹೋದವರಿಗೆ ಸೊಂಟ ಹಿಡಿಯುತ್ತದೆ. ಎತ್ತಬೇಕಾದ್ದು ಕಾಲು.

ಎಡಗಡೆ ನಿಲ್ಲಿ. ಹ್ಯಾಂಡಲ್ ನೇರ ಇರಲಿ. ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಸೀಟಿನ ಕೆಳಗೆ ಗಟ್ಟಿಯಾದ ಜಾಗದಲ್ಲಿ. ಬುಲೆಟ್ಟಿಗೆ ಅದಕ್ಕೆಂದೇ ಒಂದು ಹಿಡಿ ಇರುತ್ತದೆ. ಬಲಗಾಲಲ್ಲಿ ಸ್ಟ್ಯಾಂಡನ್ನು ಒತ್ತಿ ಗಾಡಿಯನ್ನು ಮೆಲ್ಲಗೆ ಆ ಕಡೆ ಈ ಕಡೆ ಅಲ್ಲಾಡಿಸಿ. ಎರಡೂ ಕಾಲು ನೆಲಕ್ಕೆ ತಾಗಿದ್ದು ಗೊತ್ತಾಗಬೇಕು. ಇದೇ ಇಡೀ ವಿದ್ಯೆ. ಒಂದೇ ಕಾಲು ತಾಗಿರುವಾಗ ಎಷ್ಟು ಶಕ್ತಿ ಹಾಕಿದರೂ ಗಾಡಿ ಏಳುವುದಿಲ್ಲ, ಆ ಕಡೆಗೆ ಮಗುಚುತ್ತದೆ. ಎರಡೂ ತಾಗಿದ ಮೇಲೆ ಮೈಭಾರ ಪೂರ್ತಿ ಬಲಗಾಲಿನ ಮೇಲೆ ಬಿಡಿ. ಕೈಗೆ ಇರುವ ಕೆಲಸ ದಾರಿ ತೋರಿಸುವುದು ಮಾತ್ರ.

ಆಗಲೂ ಕಷ್ಟ ಅಂದರೆ ಹಿಂದಿನ ಚಕ್ರವನ್ನು ಒಂದೂವರೆ ಸೆಂ.ಮೀ. ದಪ್ಪದ ಹಲಗೆಯ ಮೇಲೆ ಹತ್ತಿಸಿ ಹಾಕಿ ನೋಡಿ. ನಮ್ಮ ಮನೆಯಲ್ಲಿ ಹಳೆ ಮಣೆಯೊಂದು ಈ ಕೆಲಸಕ್ಕೇ ಇದೆ. ಅದಕ್ಕೂ ಏಳದಿದ್ದರೆ ತಪ್ಪು ನಿಮ್ಮದಲ್ಲ, ಸ್ಟ್ಯಾಂಡಿನದು.

ಇಳಿಜಾರಲ್ಲಿ ಗಾಡಿ ಮುಖ ಯಾವ ಕಡೆ ಇರ್ಬೇಕು?

ಏರಿನ ಕಡೆಗೆ. ಸ್ಟ್ಯಾಂಡ್ ಮಡಚುವುದು ಹಿಂದಕ್ಕೆ. ಗಾಡಿ ಮುಂದಕ್ಕೆ ಉರುಳಿದರೆ ಸ್ಟ್ಯಾಂಡ್ ತಾನಾಗೇ ಮಡಚಿಕೊಳ್ಳುತ್ತದೆ. ಹಿಂದಕ್ಕೆ ಜರುಗಿದರೆ ಸ್ಟ್ಯಾಂಡ್ ತನ್ನ ತಡೆಗೆ, ಅಂದರೆ ಅದು ಇನ್ನೂ ಮುಂದೆ ಹೋಗದಂತೆ ನಿಲ್ಲಿಸುವ ಗಟ್ಟಿ ಜಾಗಕ್ಕೆ, ಇನ್ನೂ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಸೈಡ್ ಸ್ಟ್ಯಾಂಡ್ ಆದರೆ ಮೊದಲ ಗೇರಿಗೆ ಹಾಕಿಡಿ. ಮಡಿಕೇರಿಯಂಥ ಊರಿನಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನಿಂದ ಹೋದವರಿಗೆ ಹೇಳಬೇಕಾಗುತ್ತದೆ.

ಸ್ಟ್ಯಾಂಡ್ ಮೇಲಿಟ್ಟೇ ಕಿಕ್ ಹೊಡೀಬಹುದಾ?

ಸೈಡ್ ಸ್ಟ್ಯಾಂಡ್ ಮೇಲೆ ಬೇಡವೇ ಬೇಡ. ಜಾವಾ, ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ಕರ್, ಅದು ಇರುವುದು ಎಡಗಡೆ. ಸೈಡ್ ಸ್ಟ್ಯಾಂಡೂ ಎಡಗಡೆಯೇ. ಗಾಡಿಯ ಭಾರದ ಜೊತೆ ನಿಮ್ಮ 70 ಕೆಜಿಯನ್ನೂ ಎತ್ತಿ ಕುಕ್ಕಿದ ಹಾಗಾಗುತ್ತದೆ. ನಾನು ನೋಡಿದ ಬಾಗಿದ ಬ್ರಾಕೆಟ್ಟುಗಳಲ್ಲಿ ಅರ್ಧಕ್ಕೆ ಇದೇ ಕಾರಣ.

ಡಬಲ್ ಸ್ಟ್ಯಾಂಡ್ ಮೇಲೆ ಅಪರೂಪಕ್ಕೆ ಹೊಡೆದರೆ ಗಾಡಿ ಸಾಯುವುದಿಲ್ಲ. ದಿನಾ ಹೊಡೆದರೆ ಪಿನ್ನಿನ ತೂತು ಅಗಲವಾಗುತ್ತದೆ. ಬುಲೆಟ್ಟಿಗೆ ಕಿಕ್ಕರ್ ಬಲಗಡೆ, ಹಾಗಾಗಿ ಪೆಟ್ಟೆಲ್ಲ ಬಲಗಾಲಿಗೆ ಬಿದ್ದು ಆ ಕಡೆಯದು ಮೊದಲು ಸವೆಯುತ್ತದೆ. ಸ್ಟ್ಯಾಂಡ್ ತೆಗೆದು, ಗಾಡಿ ಮೇಲೆ ಕೂತು ಅಥವಾ ನಿಂತು ಹೊಡೆಯುವುದೇ ಸರಿ.

## ಕೊಳ್ಳುವಾಗ, ಕೂರಿಸುವಾಗ

ಹೊಸ ಸ್ಟ್ಯಾಂಡ್ ತಗೊಳ್ಳೋದಾ, ಹಳೇದನ್ನೇ ರಿಪೇರಿ ಮಾಡ್ಸೋದಾ?

ಹಳೆಯದು ಕೈಯಲ್ಲಿದ್ದರೆ ಅದನ್ನೇ ಉಳಿಸಿ. ಈಗ ಸಿಗುವ ಹೊಸ ಸ್ಟ್ಯಾಂಡುಗಳಲ್ಲಿ ಚೆನ್ನಾಗಿರುವವೂ ಇವೆ, ತಗಡಿನಂಥವೂ ಇವೆ. ಕೊಳ್ಳಲೇಬೇಕಾದರೆ ಹಳೆಯ ಸ್ಟ್ಯಾಂಡನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ಶಿವಾಜಿನಗರದ ಗುಜರಿಯಾಗಲಿ, "ಅದೇ ಸಾರ್, ಕಣ್ಣು ಮುಚ್ಕೊಂಡು ಹಾಕಿ" ಅನ್ನುವ ಮಾತು ಎಲ್ಲ ಕಡೆ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನಾಲ್ಕು ಅಳತೆ ನೋಡಿ: ಪಿನ್ನಿನ ತೂತಿನ ನಡುವಿನಿಂದ ಪಾದದ ತುದಿಯವರೆಗಿನ ಉದ್ದ, ಪಿನ್ ತೂರುವ ಎರಡು ಕಿವಿಗಳ ನಡುವಿನ ಅಗಲ, ತೂತಿನ ಅಳತೆ, ಸ್ಪ್ರಿಂಗ್ ಸಿಕ್ಕಿಸುವ ಕೊಕ್ಕೆಯ ಜಾಗ. ನಾಲ್ಕನೆಯದನ್ನು ಯಾರೂ ನೋಡುವುದಿಲ್ಲ. ಕೊಕ್ಕೆ ಒಂದು ಸೆಂ.ಮೀ. ಆಚೀಚೆ ಇದ್ದರೂ ಸ್ಪ್ರಿಂಗ್ ತನ್ನ ಕೆಲಸ ಮಾಡುವುದಿಲ್ಲ. ನೆನಪಿರಲಿ, ಹಳೆಯದರ ಪಾದ ಸವೆದು ಗಿಡ್ಡವಾಗಿರುತ್ತದೆ. ಹೊಸದು ಸ್ವಲ್ಪ ಉದ್ದ ಕಂಡರೆ ಗಾಬರಿ ಬೇಡ.

ರೋಡ್‌ಕಿಂಗ್ ಸ್ಟ್ಯಾಂಡ್ ಹಳೇ ಜಾವಾಗೆ ಕೂರುತ್ತಾ? ಮೆಕ್ಯಾನಿಕ್ ಕೂರುತ್ತೆ ಅಂದ.

ಸುತ್ತಿಗೆ ಇದ್ದರೆ ಏನು ಬೇಕಾದರೂ ಕೂರುತ್ತದೆ. ಹಳೆ ಜಾವಾದ ಚಕ್ರ 16 ಇಂಚು, ರೋಡ್‌ಕಿಂಗ್‌ನದು 18. ಚಕ್ರದ ಎತ್ತರ, ಚಾಸಿಸ್ ನೆಲದಿಂದ ಇರುವ ಎತ್ತರ ಎರಡನ್ನೂ ನೋಡಿಯೇ ಸ್ಟ್ಯಾಂಡಿನ ಉದ್ದ ಇಟ್ಟಿರುತ್ತಾರೆ. ಬೇರೆ ಮಾಡೆಲ್ಲಿನದು ಹಾಕಿದರೆ ಒಂದೋ ಗಾಡಿ ಎತ್ತಲು ಆಗುವುದಿಲ್ಲ, ಇಲ್ಲವೇ ಚಕ್ರ ನೆಲ ಬಿಡುವುದಿಲ್ಲ. ಮಡಚಿದಾಗ ಸೈಲೆನ್ಸರಿಗೆ ತಾಗುತ್ತದಾ ಅನ್ನುವುದು ಇನ್ನೊಂದು ಪ್ರಶ್ನೆ. ನಮ್ಮ 250 ಸಿಸಿ ಗಾಡಿಗಳಿಗೆ ಎರಡೂ ಕಡೆ ಸೈಲೆನ್ಸರ್, ಜಾಗವೇ ಕಮ್ಮಿ. ಹೆಸರು ನೋಡಿ ಕೊಳ್ಳಬೇಡಿ, ಟೇಪು ಹಿಡಿದು ಕೊಳ್ಳಿ.

ಸ್ಪ್ರಿಂಗ್ ಎಳೆದು ಹಾಕೋಕೆ ಹೋಗಿ ಬೆರಳು ಜಜ್ಕೊಂಡೆ. ಸುಲಭದ ದಾರಿ ಇಲ್ವಾ?

ಇದೆ, ಚಿಲ್ಲರೆ ಕಾಸು. ಸ್ಪ್ರಿಂಗನ್ನು ವೈಸ್‌ಗೆ ಕಚ್ಚಿಸಿ ಒಂದು ಪಕ್ಕಕ್ಕೆ ಬಗ್ಗಿಸಿ. ಸುರುಳಿಗಳ ನಡುವೆ ಬಾಯಿ ತೆರೆದ ಕಡೆ ಒಂದೊಂದು ನಾಣ್ಯ ಅಥವಾ ವಾಷರ್ ತೂರಿಸಿ. ಆಮೇಲೆ ಇನ್ನೊಂದು ಪಕ್ಕಕ್ಕೆ ಬಗ್ಗಿಸಿ ಆ ಕಡೆಯಿಂದ ಇನ್ನಷ್ಟು. ಹೀಗೆ ಹತ್ತು ಹನ್ನೆರಡು ತೂರಿಸುವಷ್ಟರಲ್ಲಿ ಸ್ಪ್ರಿಂಗ್ ತಾನಾಗೇ ಉದ್ದವಾಗಿರುತ್ತದೆ. ಆರಾಮಾಗಿ ಎರಡೂ ಕೊಕ್ಕೆಗೆ ಸಿಕ್ಕಿಸಿ. ನಂತರ ಸ್ಟ್ಯಾಂಡನ್ನು ಕೆಳಗೆ ಎಳೆದರೆ ನಾಣ್ಯಗಳೆಲ್ಲ ಉದುರುತ್ತವೆ. ಎಣಿಸಿಕೊಳ್ಳಿ, ಒಂದು ಉಳಿದರೂ ಸ್ಪ್ರಿಂಗ್ ಸರಿಯಾಗಿ ಮುಚ್ಚುವುದಿಲ್ಲ.

ಇನ್ನೊಂದು ದಾರಿ: ಗಟ್ಟಿ ನೈಲಾನ್ ಹಗ್ಗವನ್ನು ಸ್ಪ್ರಿಂಗಿನ ಕೊಕ್ಕೆಗೆ ಎರಡು ಸುತ್ತು ಹಾಕಿ, ಅದನ್ನು ಉದ್ದನೆಯ ಸ್ಕ್ರೂಡ್ರೈವರಿಗೆ ಕಟ್ಟಿ ಎಳೆಯುವುದು. ಯಾವ ದಾರಿಯಾದರೂ ಸ್ಟ್ಯಾಂಡ್ ಪೂರ್ತಿ ಮಡಚಿರುವಾಗ ಹಾಕಿ, ಆಗಲೇ ಕೊಕ್ಕೆಗಳು ಹತ್ತಿರ ಇರುವುದು. ಕಣ್ಣಿಗೆ ಕನ್ನಡಕ ಇರಲಿ. ಚಾಳೀಸಾದರೂ ಪರವಾಗಿಲ್ಲ.

ಬೋಲ್ಟ್ ಬಿಗಿ ಮಾಡಿದ್ರೆ ಸ್ಟ್ಯಾಂಡ್ ಅಲುಗಾಡಲ್ಲ, ಸಡಿಲ ಬಿಟ್ರೆ ನಟ್ಟೇ ಉದುರಿ ಹೋಗುತ್ತೆ. ಏನ್ ಮಾಡ್ಲಿ?

ನಿಮ್ಮ ಗಾಡಿಯಿಂದ ಒಂದು ಸಣ್ಣ ಸಾಮಾನು ಕಾಣೆಯಾಗಿದೆ: ಒಳಗಿನ ಕೊಳವೆ. ಸ್ಟ್ಯಾಂಡಿನ ಕಿವಿ ತಿರುಗಬೇಕಾದ್ದು ಬೋಲ್ಟಿನ ಮೇಲಲ್ಲ, ಬೋಲ್ಟಿನ ಸುತ್ತ ಇರುವ ಒಂದು ಗಟ್ಟಿ ಉಕ್ಕಿನ ಕೊಳವೆಯ ಮೇಲೆ. ಆ ಕೊಳವೆ ಕಿವಿಯ ದಪ್ಪಕ್ಕಿಂತ ಕೂದಲೆಳೆಯಷ್ಟು ಉದ್ದ ಇರುತ್ತದೆ. ನಟ್ಟು ಬಿಗಿಯುವುದು ಕೊಳವೆಯನ್ನು, ಕಿವಿ ಸ್ವತಂತ್ರ. ಯಾರೋ ಒಬ್ಬರು ಯಾವತ್ತೋ ಬಿಚ್ಚಿದಾಗ ಅದನ್ನು ಕಳೆದು, ಬರೀ ಬೋಲ್ಟ್ ತೂರಿಸಿ ಕಳಿಸಿರುತ್ತಾರೆ. ಲೇತ್ ಅಂಗಡಿಯಲ್ಲಿ ಅರ್ಧ ಗಂಟೆಯ ಕೆಲಸ. ಕಿವಿಗಿಂತ 0.2 ಮಿ.ಮೀ. ಜಾಸ್ತಿ ಉದ್ದ ಇಡಿಸಿದರೆ ಸಾಕು. ಕೊನೆಗೆ ಸ್ಪ್ಲಿಟ್ ಪಿನ್ ಅಥವಾ ನೈಲಾನ್ ಬಳೆಯ ಲಾಕ್ ನಟ್ಟು.

ಥ್ರೆಡ್ ಬಗ್ಗೆಯೂ ಒಂದು ಮಾತು. ಜಾವಾ ಚೆಕ್ ಮೂಲದ ಗಾಡಿ, ಅಳತೆಯೆಲ್ಲ ಮಿಲಿಮೀಟರ್. 1955ರಿಂದ ಮದ್ರಾಸಿನಲ್ಲಿ ತಯಾರಾದ ಬುಲೆಟ್ ಮತ್ತು ಹಳೆ ಬ್ರಿಟಿಷ್ ಗಾಡಿಗಳದ್ದು ಇಂಚಿನ ಲೆಕ್ಕ. ಹತ್ತಿರ ಹತ್ತಿರ ಇದೆ ಅಂತ ಒಂದಕ್ಕೆ ಇನ್ನೊಂದರ ಬೋಲ್ಟ್ ಒತ್ತಿ ತಿರುಗಿಸಿದರೆ ಎರಡೂ ಹಾಳು.

ಎಲ್ಲಾ ಪೌಡರ್ ಕೋಟಿಂಗ್ ಮಾಡಿಸ್ತಿದೀನಿ. ಸ್ಟ್ಯಾಂಡು, ಸ್ಪ್ರಿಂಗೂ ಜೊತೆಗೇ ಕೊಡ್ಲಾ? ಸ್ಪ್ರಿಂಗ್‌ಗೆ ಕ್ರೋಮ್ ಚೆನ್ನಾಗಿರುತ್ತಾ?

ಸ್ಟ್ಯಾಂಡ್ ಕೊಡಬಹುದು. ಆದರೆ ಪಿನ್ನಿನ ತೂತು, ತಡೆಗೆ ತಾಗುವ ಜಾಗ, ಪಾದದ ಅಡಿ ಮೂರನ್ನೂ ಟೇಪು ಸುತ್ತಿ ಮುಚ್ಚಲು ಹೇಳಿ. ಪೌಡರ್ ಪದರ ದಪ್ಪ. ತೂತಿನೊಳಗೆ ಕೂತರೆ ಪಿನ್ ಹೋಗುವುದಿಲ್ಲ, ತಡೆಯ ಮೇಲೆ ಕೂತರೆ ನಾಲ್ಕು ದಿನಕ್ಕೆ ಚಕ್ಕೆ ಎದ್ದು ಅದರಡಿ ನೀರು ನಿಲ್ಲುತ್ತದೆ. ನನ್ನ ಕೇಳಿದರೆ ಸ್ಟ್ಯಾಂಡಿಗೆ ಸಾದಾ ಕಪ್ಪು ಎನಾಮಲ್ಲೇ ವಾಸಿ. ಹೇಗೂ ಒದೆ ತಿನ್ನುವ ಜಾಗ. ಬಣ್ಣ ಹೋದಾಗ ಮನೆಯಲ್ಲೇ ಕುಂಚ ಹಿಡಿದು ಬಳಿಯಬಹುದು.

ಸ್ಪ್ರಿಂಗಿಗೆ ಕ್ರೋಮ್ ಮಾಡಿಸಬೇಡಿ. ಆಸಿಡ್ಡಿನಲ್ಲಿ ಅದ್ದಿ ಕರೆಂಟು ಹರಿಸಿ ಲೇಪ ಹಾಕುವಾಗ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಮೆತ್ತನೆ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಸ್ಪ್ರಿಂಗಿನಂಥ ಗಟ್ಟಿ ಉಕ್ಕು ಮಾತ್ರ ಪೆಡಸಾಗಿ, ಒಂದು ದಿನ ಸುಮ್ನೆ ನಿಂತಿರುವಾಗ ಟಪ್ ಅಂತ ಮುರಿಯುತ್ತದೆ. ಲೇಪದ ನಂತರ ಒಲೆಯಲ್ಲಿ ಗಂಟೆಗಟ್ಟಲೆ ಕಾಯಿಸಿ ಹೈಡ್ರೋಜನ್ ಹೊರಗೆ ಹಾಕುವ ಕ್ರಮವಿದೆ. ನಮ್ಮ ಗಲ್ಲಿಯ ಕ್ರೋಮ್ ಅಂಗಡಿಗಳಲ್ಲಿ ಅದನ್ನು ಮಾಡಿದ್ದು ನಾನು ನೋಡಿಲ್ಲ.

## ತಕರಾರುಗಳು

ಎಲ್ಲಾ ಹೊಸದಾಗಿ ಮಾಡಿಸಿದ್ರೂ ಡಬಲ್ ಸ್ಟ್ಯಾಂಡ್ ಹಾಕಿದ್ರೆ ಚಕ್ರ ನೆಲ ಬಿಡಲ್ಲ. ಪಾದಕ್ಕೆ ಒಂದು ತುಂಡು ವೆಲ್ಡ್ ಮಾಡ್ಸಿಬಿಡ್ಲಾ?

ತಡೀರಿ. ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅತಿ ಹೆಚ್ಚು ತಪ್ಪು ರಿಪೇರಿ ಆಗುವುದೂ ಇದರಲ್ಲೇ.

ಗಾಡಿ ತಗ್ಗಿ ನಿಲ್ಲಲು ನಾಲ್ಕು ಕಾರಣ ಇರಬಹುದು. ಪಾದ ಸವೆದಿರಬಹುದು. ಪಿನ್ನಿನ ತೂತು ಸವೆದಿರಬಹುದು. ಟೈರ್ ಅಥವಾ ಹಿಂದಿನ ಶಾಕ್ ಅಬ್ಸಾರ್ಬರ್ ಮೊದಲಿಗಿಂತ ಎತ್ತರದ್ದು ಹಾಕಿಸಿರಬಹುದು. ನಾಲ್ಕನೆಯದು ತಡೆ. ಯಾರ ಕಣ್ಣಿಗೂ ಬೀಳದ್ದು ಇದೇ. ಸ್ಟ್ಯಾಂಡ್ ನೇರ ನಿಲುವು ದಾಟಿ ಸ್ವಲ್ಪ ಮುಂದಕ್ಕೆ ಹೋಗಿ ಒಂದು ಗಟ್ಟಿ ಜಾಗಕ್ಕೆ ತಾಗಿ ನಿಲ್ಲುತ್ತದೆ. ಆ ಸ್ವಲ್ಪ ಇರಲೇಬೇಕು, ಇಲ್ಲದಿದ್ದರೆ ಗಾಡಿ ತಾನಾಗೇ ಇಳಿದುಬಿಡುತ್ತದೆ. ಆದರೆ ನಲವತ್ತು ಐವತ್ತು ವರ್ಷ ಬಡಿಸಿಕೊಂಡು ಆ ತಡೆ ಸವೆದಾಗ ಸ್ಟ್ಯಾಂಡ್ ಇನ್ನೂ ಮುಂದೆ ಹೋಗುತ್ತದೆ. ಮುಂದೆ ಹೋದಷ್ಟೂ ಗಾಡಿ ಕೆಳಗೆ ಇಳಿಯುತ್ತದೆ.

ಲೆಕ್ಕ ಹಾಕಿ ನೋಡಿ. ಸ್ಟ್ಯಾಂಡಿನ ಕಾಲು 30 ಸೆಂ.ಮೀ. ಅಂದುಕೊಳ್ಳೋಣ. ನೇರಕ್ಕಿಂತ 10 ಡಿಗ್ರಿ ಮುಂದೆ ನಿಂತರೆ ಗಾಡಿ ಇಳಿಯುವುದು ಅರ್ಧ ಸೆಂ.ಮೀ.ಗೂ ಕಮ್ಮಿ. 20 ಡಿಗ್ರಿಗೆ ಸುಮಾರು 2 ಸೆಂ.ಮೀ. 25 ಡಿಗ್ರಿಗೆ ಸುಮಾರು 3. ಅಂದರೆ ಪಾದ ಒಂದು ಚೂರೂ ಸವೆಯದೆ ಚಕ್ರ ನೆಲಕ್ಕೆ ತಾಗಿಬಿಡಬಹುದು.

ನನ್ನ ಜಾವಾಕ್ಕೆ ಆಗಿದ್ದು ಇದೇ. ಮೊದಲ ಸಲ ತೋರಿಸಿದ ವರ್ಕ್‌ಶಾಪಿನಲ್ಲಿ ನೋಡಿದ ತಕ್ಷಣ ಎರಡೂ ಪಾದಕ್ಕೆ ಎರಡು ಸೆಂ.ಮೀ. ಕಬ್ಬಿಣ ಬೆಸೆದುಕೊಟ್ಟರು. ಚಕ್ರ ನೆಲ ಬಿಟ್ಟಿತು. ನಾನೂ ಖುಷಿಯಾಗಿ ದುಡ್ಡು ಕೊಟ್ಟು ಬಂದೆ. ಆದರೆ ಗಾಡಿ ಎತ್ತಲು ಇಬ್ಬರು ಬೇಕಾಗುತ್ತಿತ್ತು, ಯಾಕೆಂದರೆ ಉದ್ದವಾದ ಕಾಲು ನೇರ ನಿಲುವು ದಾಟುವಾಗ ಗಾಡಿಯನ್ನು ಮೊದಲಿಗಿಂತ ಎರಡು ಸೆಂ.ಮೀ. ಜಾಸ್ತಿ ಎತ್ತಬೇಕು. ಎತ್ತಿದ ಮೇಲೆ ದಡ್ ಅಂತ ಮುಂದಕ್ಕೆ ಬಿದ್ದು, ಸವೆದ ತಡೆಗೆ ಇನ್ನಷ್ಟು ಪೆಟ್ಟು. ವರ್ಷದೊಳಗೆ ತಡೆಯೇ ಬಿರುಕು ಬಿಟ್ಟಿತು. ಕೊನೆಗೆ ಆ ಕಬ್ಬಿಣ ಕತ್ತರಿಸಿ ತೆಗೆಸಿ, ತಡೆಯ ಮೇಲೆ ನಾಲ್ಕು ಮಿ.ಮೀ. ವೆಲ್ಡ್ ತುಂಬಿಸಿ ಫೈಲ್ ಹಾಕಿ ಚಪ್ಪಟೆ ಮಾಡಿದೆ. ಈಗ ನಮ್ಮ ಮನೆಯವರೇ ಒಬ್ಬರೇ ಸ್ಟ್ಯಾಂಡ್ ಹಾಕುತ್ತಾರೆ.

ಹಾಗಾಗಿ ಮೊದಲು ಪಕ್ಕದಿಂದ ಒಂದು ಫೋಟೋ ತೆಗೆಯಿರಿ, ಸ್ಟ್ಯಾಂಡ್ ಎಷ್ಟು ಓರೆಯಾಗಿ ನಿಂತಿದೆ ನೋಡಿ. ಜಾಸ್ತಿ ಓರೆ ಅನ್ನಿಸಿದರೆ ತಡೆಯ ಮೇಲೆ ಮೂರು ನಾಲ್ಕು ಮಿ.ಮೀ. ತಗಡಿನ ತುಂಡು ಇಟ್ಟು ತಂತಿ ಕಟ್ಟಿ ಪರೀಕ್ಷೆ ಮಾಡಿ. ಅಷ್ಟಕ್ಕೇ ಚಕ್ರ ಎದ್ದರೆ ಕಾಯಿಲೆ ಗೊತ್ತಾಯಿತು. ಚಕ್ರಕ್ಕೂ ನೆಲಕ್ಕೂ ನಡುವೆ ಎರಡು ಮೂರು ಸೆಂ.ಮೀ. ಸಂದು ಸಿಕ್ಕರೆ ಧಾರಾಳ.

ಸೈಡ್ ಸ್ಟ್ಯಾಂಡ್ ಹಾಕಿದ್ರೆ ಗಾಡಿ ಕುಡಿದವನ ಥರ ವಾಲುತ್ತೆ. ತಮ್ಮನ ಗಾಡಿ ಉಲ್ಟಾ, ನೆಟ್ಟಗೆ ನಿಂತು ಆ ಕಡೆ ಬೀಳುತ್ತೆ.

ಸುಮಾರು 10ರಿಂದ 15 ಡಿಗ್ರಿ ವಾಲಿದರೆ ಸರಿ. ನಿಮ್ಮದು ಜಾಸ್ತಿ ವಾಲುತ್ತದೆ ಅಂದರೆ ಗಾಡಿ ಎತ್ತರವಾಗಿದೆ ಅಥವಾ ಸ್ಟ್ಯಾಂಡ್ ಗಿಡ್ಡವಾಗಿದೆ. ಹೊಸ ಶಾಕ್ ಅಬ್ಸಾರ್ಬರ್, ದಪ್ಪ ಟೈರ್ ಹಾಕಿಸಿದ ಮೇಲೆ ಶುರುವಾಯಿತಾ ನೆನಪು ಮಾಡಿಕೊಳ್ಳಿ. ಪಿನ್ ಸಡಿಲವಾಗಿ ಸ್ಟ್ಯಾಂಡ್ ಹೊರಗಡೆಗೆ ಬಾಯಿ ಬಿಟ್ಟಿದ್ದರೂ ಹೀಗಾಗುತ್ತದೆ. ತುದಿ ಹಿಡಿದು ಆಚೀಚೆ ಅಲ್ಲಾಡಿಸಿ ನೋಡಿ, ಪಿನ್ನಿನ ಹತ್ತಿರ ಅರ್ಧ ಮಿ.ಮೀ. ಆಟ ಇದ್ದರೆ ತುದಿಯಲ್ಲಿ ಅದು ಹತ್ತು ಪಟ್ಟು ಕಾಣುತ್ತದೆ.

ತಮ್ಮನದು ಹೆಚ್ಚು ಅಪಾಯದ್ದು. ಅವನ ಗಾಡಿಯ ಹಿಂದಿನ ಸ್ಪ್ರಿಂಗ್ ಕುಸಿದು ಗಾಡಿ ತಗ್ಗಿರಬೇಕು. ಸ್ಟ್ಯಾಂಡ್ ಕೊಯ್ಯುವ ಮೊದಲು ಶಾಕ್ ಸರಿ ಮಾಡಿಸಲಿ.

ಗುಂಡಿ ಬಂದಾಗಲೆಲ್ಲ ಸ್ಟ್ಯಾಂಡ್ ಠಣ್ ಠಣ್ ಅಂತದ್ರಿ. ನಮ್ಮೂರಾಗ ಗುಂಡಿ ಬಿಟ್ಟು ರಸ್ತೆನೇ ಇಲ್ಲ.

ಮೊದಲು ರಬ್ಬರ್ ನೋಡ್ರಿ. ಮಡಚಿದ ಸ್ಟ್ಯಾಂಡ್ ಒಂದು ರಬ್ಬರ್ ಗುಬ್ಬಿಗೆ ಒರಗಬೇಕು, ಅದು ಒಣಗಿ ಉದುರಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಹಳೆ ಟೈರಿನ ತುಂಡು ಕತ್ತರಿಸಿ ಹಾಕಿದರೂ ನಡೆಯುತ್ತದೆ.

ರಬ್ಬರ್ ಇದ್ದೂ ಸದ್ದು ಬಂದರೆ ಸ್ಪ್ರಿಂಗ್ ಸೋತಿದೆ. ಬಿಚ್ಚಿ ಬೆಳಕಿಗೆ ಹಿಡಿಯಿರಿ. ಸುರುಳಿಗಳ ನಡುವೆ ಬೆಳಕು ಕಂಡರೆ ಅದು ಜಗ್ಗಿ ಹೋಗಿದೆ. ಕೊಕ್ಕೆ ಕತ್ತರಿಸಿ ಗ್ಯಾಸಿನಲ್ಲಿ ಕಾಯಿಸಿ ಗಿಡ್ಡ ಮಾಡುವವರಿದ್ದಾರೆ. ಕಾಯಿಸಿದ ಜಾಗದಲ್ಲಿ ಸ್ಪ್ರಿಂಗಿನ ಗುಣ ಹೋಗುತ್ತದೆ, ಮುಂದಿನ ಗುಂಡಿಗೆ ಅಲ್ಲೇ ಮುರಿಯುತ್ತದೆ. ಹೊಸದು ಹಾಕಿ. ಅಗ್ಗದ ಸಾಮಾನು, ಜೀವದ ಪ್ರಶ್ನೆ. ಎಡಕ್ಕೆ ತಿರುಗುವಾಗ ಸೈಡ್ ಸ್ಟ್ಯಾಂಡ್ ಕೆಳಗಿದ್ದರೆ ಅದು ನೆಲಕ್ಕೆ ಊರಿ ಚಕ್ರವನ್ನೇ ಎತ್ತಿಬಿಡುತ್ತದೆ.

ಸೈಡ್ ಸ್ಟ್ಯಾಂಡ್ ಹಾಕಿದ ಜಾಗದಲ್ಲಿ ಎಣ್ಣೆ ಕಲೆ ಆಗುತ್ತೆ. ಸ್ಟ್ಯಾಂಡಿಗೂ ಎಣ್ಣೆಗೂ ಏನು ಸಂಬಂಧ?

ವಾಲಿದಾಗ ಎಣ್ಣೆಯೆಲ್ಲ ಎಡಗಡೆ ಸೇರುತ್ತದೆ. ಜಾವಾದಲ್ಲೂ ಬುಲೆಟ್ಟಿನಲ್ಲೂ ಕ್ಲಚ್ ಮನೆ ಎಡಗಡೆಯೇ ಇರುವುದು. ನೇರ ನಿಂತಾಗ ಎಣ್ಣೆ ಮುಟ್ಟದ ಸೀಲು, ಗ್ಯಾಸ್ಕೆಟ್ಟು ಈಗ ಎಣ್ಣೆಯಲ್ಲಿ ಮುಳುಗಿರುತ್ತವೆ. ಸೀಲು ಹಳೆಯದಾದ್ದರಿಂದ ಜಿನುಗುತ್ತದೆ. ರಾತ್ರಿ ಡಬಲ್ ಸ್ಟ್ಯಾಂಡ್ ಹಾಕಿದರೆ ಎಷ್ಟೋ ಸಲ ನಿಂತೇಬಿಡುತ್ತದೆ. ಜಾವಾದಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲ್ ಟ್ಯಾಪ್ ಮುಚ್ಚುವುದನ್ನೂ ಮರೆಯಬೇಡಿ. ಕಾರ್ಬುರೇಟರಿನ ಸೂಜಿ ಸರಿಯಿಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಪೆಟ್ರೋಲು ಎಂಜಿನ್ನಿನ ಹೊಟ್ಟೆ ಸೇರಿರುತ್ತದೆ.

ರ‍್ಯಾಲಿಗೆ ಹೋದಾಗ ಮೈದಾನದಲ್ಲಿ ಸ್ಟ್ಯಾಂಡ್ ಹೂತು ಹೋಗಿ ಪಕ್ಕದವರ ಗಾಡಿ ಮೇಲೆ ಬಿತ್ತು. ಏನು ಉಪಾಯ?

ಜಾವಾದವರು ರ‍್ಯಾಲಿ ಹೋಗುವ ಜಾವಾ ದಿನ ಬರುವುದು ಜುಲೈ ಎರಡನೇ ಭಾನುವಾರ. ನಮ್ಮಲ್ಲಿ ಅದು ಮಳೆಗಾಲ. ನೆಲ ಮೆತ್ತಗಿರುತ್ತದೆ, ಗಾಡಿಗಳನ್ನು ಒತ್ತೊತ್ತಾಗಿ ನಿಲ್ಲಿಸಿರುತ್ತಾರೆ, ಒಂದು ಬಿದ್ದರೆ ಸಾಲೇ ಮಲಗುತ್ತದೆ. ಅಂಗೈ ಅಗಲದ ಕಬ್ಬಿಣದ ತಗಡು ಅಥವಾ ಹಲಗೆ ತುಂಡು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ. ಏಪ್ರಿಲ್ ಮೇ ಬಿಸಿಲಿಗೆ ರಾಯಚೂರು, ಕಲಬುರಗಿ ಕಡೆ ಟಾರು ಕರಗಿದಾಗಲೂ ಅದೇ ಕೆಲಸಕ್ಕೆ ಬರುತ್ತದೆ. ತಗಡಿಗೆ ಒಂದು ತೂತು ಕೊರೆದು ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಹ್ಯಾಂಡಲಿಗೆ ಸಿಕ್ಕಿಸಿ. ಇಲ್ಲದಿದ್ದರೆ ಅಲ್ಲೇ ಬಿಟ್ಟು ಬರುತ್ತೀರಿ. ನಾನು ಮೂರು ಬಿಟ್ಟಿದ್ದೇನೆ.

## ಇನ್ನಷ್ಟು ಆಳಕ್ಕೆ

ನನ್ನ ಗಾಡಿಗೆ ಸೈಡ್ ಸ್ಟ್ಯಾಂಡೇ ಇಲ್ಲ. ಚಾಸಿಸ್ಸಿಗೆ ಒಂದು ಲಗ್ (ಸ್ಟ್ಯಾಂಡ್ ಕೂರಿಸೋ ಕಬ್ಬಿಣದ ತುಂಡು) ವೆಲ್ಡ್ ಮಾಡಿಸ್ಬಹುದಾ?

ಕೈ ಕಟ್ಟಿಕೊಂಡು ಒಂದು ವಾರ ಯೋಚನೆ ಮಾಡಿ. ಹಳೆ ಬ್ರಿಟಿಷ್ ಚಾಸಿಸ್ಸುಗಳಲ್ಲಿ ಕೊಳವೆಗಳನ್ನು ಎರಕದ ಲಗ್ಗುಗಳಿಗೆ, ಅಂದರೆ ಅವು ಸೇರುವ ಜೋಡಣೆ ತುಂಡುಗಳಿಗೆ, ಹಿತ್ತಾಳೆಯಿಂದ ಬೆಸೆದಿರುತ್ತಾರೆ. ಹತ್ತಿರದಲ್ಲಿ ವೆಲ್ಡಿಂಗ್ ಕಾವು ತಾಗಿದರೆ ಆ ಬೆಸುಗೆಯೇ ಹಾಳಾಗಬಹುದು.

ಕಾಗದಪತ್ರದ ವಿಷಯವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಒಂದು ಸೈಡ್ ಸ್ಟ್ಯಾಂಡಿನ ಲಗ್ಗನ್ನು ದೊಡ್ಡ ಬದಲಾವಣೆ ಅನ್ನುತ್ತಾರಾ ಬಿಡುತ್ತಾರಾ, ಗಾಡಿ ನೋಡುವವರ ಮುಂದೆ ಆ ಚರ್ಚೆ ಯಾಕೆ ಬೇಕು?

ನನ್ನ ಸಲಹೆ ಕ್ಲಾಂಪ್. ಕೊಳವೆಯನ್ನು ಎರಡೂ ಕಡೆಯಿಂದ ಅಪ್ಪಿ ಹಿಡಿಯುವ ಎರಡು ಹೋಳು, ನಡುವೆ ತೆಳು ತೊಗಲು ಅಥವಾ ರಬ್ಬರ್. ಕೊಳವೆಯ ಅಳತೆಗೆ ಸರಿಯಾಗಿ ಲೇತ್‌ನಲ್ಲಿ ಕೊರೆಸಬೇಕು. ಸಿಕ್ಕಿದ್ದನ್ನು ಬಿಗಿದರೆ ತೆಳು ಕೊಳವೆ ನಜ್ಜುಗುಜ್ಜಾಗುತ್ತದೆ. ಬೇಡ ಅಂದಾಗ ಬಿಚ್ಚಿದರೆ ಗುರುತೂ ಇರುವುದಿಲ್ಲ.

ಕೇಳದೆ ವೆಲ್ಡಿಂಗೇ ಮಾಡಿಸುವುದಾದರೆ ಬ್ಯಾಟರಿ ಬಿಚ್ಚಿಸಿ. ಅರ್ತ್ ಕ್ಲಾಂಪನ್ನು ವೆಲ್ಡ್ ಜಾಗದ ಪಕ್ಕದಲ್ಲೇ ಹಾಕಿಸಿ, ಇಲ್ಲದಿದ್ದರೆ ಕರೆಂಟು ಬೇರಿಂಗ್ ಮೂಲಕ ಹಾದು ಅವನ್ನೂ ಸುಡುತ್ತದೆ.

ಪಿನ್ನಿನ ತೂತು ಮೊಟ್ಟೆ ಆಕಾರ ಆಗ್ಬಿಟ್ಟಿದೆ. ದಪ್ಪ ಬೋಲ್ಟ್ ಹಾಕಿದ್ರೆ ಆಗುತ್ತಾ?

ಆರು ತಿಂಗಳು ಆಗುತ್ತದೆ. ಆಮೇಲೆ ದಪ್ಪ ಮೊಟ್ಟೆ.

ತೂತು ಚಾಸಿಸ್ಸಿನ ಲಗ್ಗಿನಲ್ಲಿ ಸವೆದಿದೆಯಾ, ಸ್ಟ್ಯಾಂಡಿನ ಕಿವಿಯಲ್ಲಾ, ಮೊದಲು ನೋಡಿ. ಕಿವಿಯಲ್ಲಾದರೆ ನಿಮ್ಮ ಅದೃಷ್ಟ. ಬಿಚ್ಚಿಕೊಂಡು ಹೋಗಿ, ತೂತನ್ನು ದೊಡ್ಡದಾಗಿ ಗುಂಡಗೆ ಕೊರೆಸಿ, ಗನ್‌ಮೆಟಲ್ ಬುಷ್ (ತಾಮ್ರದ ಮಿಶ್ರಲೋಹದ ಬಳೆ) ಒತ್ತಿಸಿ. ಬುಷ್ಷೇ ಸವೆಯಬೇಕು, ಅದಕ್ಕೇ ಮೆತ್ತನೆಯದು ಹಾಕುವುದು. ಚಾಸಿಸ್ಸಿನಲ್ಲಾದರೆ ಕೈ ಡ್ರಿಲ್ ಹಿಡಿಯಬೇಡಿ, ಓರೆಯಾಗುತ್ತದೆ. ಎರಡೂ ಕಡೆಯ ತೂತು ಒಂದೇ ಗೆರೆಯಲ್ಲಿ ಬರಬೇಕು. ಉದ್ದನೆಯ ರೀಮರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂರಿಸಿ ಎರಡನ್ನೂ ಒಟ್ಟಿಗೆ ಸವರುವ ಲೇತ್‌ನವರನ್ನು ಹುಡುಕಿ. ಪೇಂಟಿಗೆ ಮುಂಚೆ ಮಾಡಿಸಿ. ಪೇಂಟಾದ ಮೇಲೆ ನೆನಪಾಗುವುದು ನನಗೂ ಆಗಿದೆ.

ಹೊಸ ಗಾಡಿಗಳ ಥರ ಸೈಡ್ ಸ್ಟ್ಯಾಂಡ್ ಕೆಳಗಿದ್ರೆ ಎಂಜಿನ್ ಆಫ್ ಆಗೋ ಹಾಗೆ ಮಾಡ್ಬಹುದಾ?

ಮಾಡಬಹುದು, ನಾನು ಮಾಡುವುದಿಲ್ಲ. ಮಳೆ ನೀರು ಹೊಕ್ಕು ಸ್ವಿಚ್ ಕೆಟ್ಟರೆ ನಡುರಸ್ತೆಯಲ್ಲಿ ಗಾಡಿ ನಿಲ್ಲುತ್ತದೆ. ಎಂಜಿನ್ ಮುಟ್ಟದೆ ಒಂದು ಸಣ್ಣ ಕೆಂಪು ದೀಪ ಮಾತ್ರ ಹತ್ತುವಂತೆ ಮಾಡಿಕೊಳ್ಳಿ. ನಿಮ್ಮದು 6 ವೋಲ್ಟಿನ ಗಾಡಿಯಾದರೆ ಬಲ್ಬೂ 6 ವೋಲ್ಟಿನದೇ ಇರಲಿ.

ಎಂಟು ತಿಂಗಳು ದುಬೈಗೆ ಹೋಗ್ತಿದೀನಿ. ಗಾಡಿ ಅಮ್ಮನ ಮನೆ ಹಜಾರದಲ್ಲಿರುತ್ತೆ. ಹೇಗೆ ನಿಲ್ಲಿಸ್ಲಿ?

ಡಬಲ್ ಸ್ಟ್ಯಾಂಡ್ ಹಾಕಿ, ಮುಂದೆ ಚಾಸಿಸ್ಸಿನ ಗಟ್ಟಿ ಭಾಗದ ಕೆಳಗೆ ಮರದ ದಿಮ್ಮಿ ಕೊಟ್ಟು ಎರಡೂ ಚಕ್ರ ನೆಲ ಬಿಡುವ ಹಾಗೆ ಮಾಡಿ. ಒಂದೇ ಜಾಗದಲ್ಲಿ ಭಾರ ಕೂತರೆ ಟೈರು ಅಲ್ಲೇ ಚಪ್ಪಟೆಯಾಗುತ್ತದೆ. ದಿಮ್ಮಿಯನ್ನು ಸೈಲೆನ್ಸರಿಗೆ ಕೊಡಬೇಡಿ. ಸ್ಟ್ಯಾಂಡಿನ ಪಾದದಡಿ ಒಣ ಹಲಗೆ ಇಡಿ. ಸಿಮೆಂಟಿನ ತೇವಕ್ಕೆ ಪಾದ ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರ ಕಡೆಯ ಮನೆಯಾದರೆ ಉಪ್ಪುಗಾಳಿ ಬೇರೆ. ಪಿನ್ನು, ಸ್ಪ್ರಿಂಗಿಗೆ ಗ್ರೀಸ್ ದಪ್ಪಗೆ ಮೆತ್ತಿ ಹೋಗಿ. ಮತ್ತೆ, ಬರುವ ಹೋಗುವ ಮಕ್ಕಳು ಹತ್ತದ ಹಾಗೆ ಸೀಟಿನ ಮೇಲೆ ಏನಾದರೂ ಪೇರಿಸಿಡಲು ಅಮ್ಮನಿಗೆ ಹೇಳಿ.

ಎಷ್ಟು ದಿನಕ್ಕೊಮ್ಮೆ ಏನೇನು ನೋಡ್ಬೇಕು?

ತೊಳೆದಾಗಲೆಲ್ಲ ಪಿನ್ನಿಗೆ ಎರಡು ಹನಿ ಎಣ್ಣೆ. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬಿಚ್ಚಿ ಒರೆಸಿ ಗ್ರೀಸ್. ಅದೇ ಹೊತ್ತಿಗೆ ಸ್ಪ್ರಿಂಗಿನ ಕೊಕ್ಕೆ ಸವೆದಿದೆಯಾ, ಬ್ರಾಕೆಟ್ಟಿನ ಬುಡದಲ್ಲಿ ಕೂದಲಂಥ ಬಿರುಕು ಇದೆಯಾ ನೋಡಿ. ಬಿರುಕಿನ ಜಾಗದಲ್ಲಿ ಪೇಂಟಿನ ಮೇಲೆ ತುಕ್ಕಿನ ಕಂದು ಗೆರೆ ಮೊದಲು ಕಾಣುತ್ತದೆ. ನಟ್ಟುಗಳನ್ನು ದೂರ ಹೋಗಿ ಬಂದ ದಿನವೇ ನೋಡಿ, ಸುಸ್ತಾಗಿದ್ದರೂ.

ಮನೆಯಲ್ಲಿ ಹೊಸ ಟೈಲ್ಸ್ ಹಾಕಿಸಿದೀವಿ. ಸ್ಟ್ಯಾಂಡ್ ಹಾಕಿದ್ರೆ ಒಡೆಯುತ್ತೆ ಅಂತ ಮನೆಯಲ್ಲಿ ಗಲಾಟೆ.

ಅವರು ಹೇಳುತ್ತಿರುವುದು ನಿಜ. ಗಾಡಿಯ ಭಾರ ಎರಡು ಸಣ್ಣ ಪಾದದ ಮೇಲೆ ದಡ್ ಅಂತ ಬೀಳುತ್ತದೆ, ಟೈಲ್ಸ್ ಕೆಳಗೆ ಟೊಳ್ಳಿದ್ದರೆ ಒಡೆದೇ ಒಡೆಯುತ್ತದೆ. ರೆಡ್ ಆಕ್ಸೈಡ್ ನೆಲವಾದರೆ ಒಡೆಯುವುದಿಲ್ಲ, ಗೀರು ಬೀಳುತ್ತದೆ. ದಪ್ಪ ಪ್ಲೈವುಡ್ಡಿನ ಅಡಿಗೆ ಹಳೆ ಗೋಣಿಚೀಲ ಹಾಸಿ ಅದರ ಮೇಲೆ ನಿಲ್ಲಿಸಿ. ಎಣ್ಣೆ ಕಲೆಗೂ ಅದೇ ಮದ್ದು.